ಕಂಠಪಾಠ ಮತ್ತು ಬರಹ: ಕುರಾನ್ ಗ್ರಂಥರೂಪ ಪಡೆದ ಬಗೆ



ಧರ್ಮಗ್ರಂಥಗಳ ಈ ಮಾಲಿಕೆಯಲ್ಲಿ ಕುರಾನ್ ಬಗ್ಗೆ ಮಾತಾಡಲು ನನಗೆ ಅಪ್ಪಣೆಯಾಗಿದೆ. ನಾನು ಅರಬ್ಬಿ ಪಂಡಿತನಲ್ಲ, ಕಾಲುವೆಗಳ ಲೆವೆಲ್ ನೋಡುತ್ತ ನೌಕರಿ ಮುಗಿಸಿದ ಇಂಜಿನಿಯರ್. ಹಾಗಾಗಿ ಅದರ ಉಪದೇಶದ ವ್ಯಾಖ್ಯಾನಕ್ಕೆ ಹೋಗುವುದಿಲ್ಲ. ಬಾಯಿಂದ ಹೊರಟ ಮಾತು ಸಾವಿರದ ನಾನೂರು ವರ್ಷ ದಾಟಿ ಬರಲು ಎಂಥ ಏರ್ಪಾಡು ಬೇಕಾಯಿತು ಎಂಬುದಷ್ಟೇ ನನ್ನ ವಿಷಯ. ಇದರ ಬಗ್ಗೆ ಎರಡು ಮಾತು ಕೇಳುತ್ತಿರುತ್ತೇವೆ. ಒಂದು ಚುಕ್ಕೆಯೂ ಬದಲಾಗಿಲ್ಲ ಎಂದು ಒಬ್ಬರು, ಎಷ್ಟೋ ಕಾಲದ ಮೇಲೆ ಯಾರೋ ಬರೆಸಿಕೊಂಡದ್ದು ಎಂದು ಇನ್ನೊಬ್ಬರು. ಎರಡೂ ಅವಸರದ ಮಾತುಗಳು.

ಪ್ರವಾದಿ ಮುಹಮ್ಮದರಿಗೆ ಸುಮಾರು 610ರಿಂದ 632ರವರೆಗೆ, ಮೊದಲು ಮಕ್ಕಾದಲ್ಲಿ, ಆಮೇಲೆ ಮದೀನಾದಲ್ಲಿ, ಬಿಡಿಬಿಡಿಯಾಗಿ ಈ ವಾಣಿ ಬಂತೆಂದು ಮುಸಲ್ಮಾನರ ನಂಬಿಕೆ. ಕೇಳಿದವರು ಬಾಯಿಪಾಠ ಮಾಡಿಕೊಂಡರು. ಬರೆಯಬಲ್ಲವರು ಖರ್ಜೂರದ ಗರಿಯ ದಿಂಡು, ಚಪ್ಪಟೆ ಕಲ್ಲು, ತೊಗಲು, ಒಂಟೆಯ ಹೆಗಲ ಮೂಳೆ, ಹೀಗೆ ಸಿಕ್ಕಿದ್ದರ ಮೇಲೆ ಬರೆದಿಟ್ಟರು. 632ರಲ್ಲಿ ಪ್ರವಾದಿಗಳು ತೀರಿಕೊಂಡಾಗ ಎಲ್ಲವೂ ಒಂದೇ ಹೊತ್ತಿಗೆಯಲ್ಲಿ ಇರಲಿಲ್ಲ. ವಾಣಿ ಇನ್ನೂ ಬರುತ್ತಿರುವಾಗ ಕೊನೆಯ ಪುಟ ಹೊಲಿಯುವುದು ಹೇಗೆ?

ಸ್ವಲ್ಪ ದಿನದಲ್ಲೇ ಯಮಾಮಾ ಎಂಬಲ್ಲಿ ಯುದ್ಧವಾಗಿ ಕಂಠಪಾಠ ಬಲ್ಲ ಹಲವರು ಸತ್ತರು. ಉಮರ್ ಅವರಿಗೆ ದಿಗಿಲಾಯಿತು. ಹೀಗೇ ಆದರೆ ಉಳಿಯುವುದೇನು ಎಂದು ಖಲೀಫ ಅಬೂಬಕ್ಕರ್ ಅವರ ಬಳಿಗೆ ಹೋದರು. ಪ್ರವಾದಿಗಳೇ ಮಾಡದ ಕೆಲಸವನ್ನು ನಾನು ಮಾಡಲೇ ಎಂದು ಖಲೀಫರು ಹಿಂಜರಿದರಂತೆ. ಕೊನೆಗೆ ಕೆಲಸ ಬಿದ್ದದ್ದು ಪ್ರವಾದಿಗಳ ಬರಹಗಾರರಲ್ಲಿ ಒಬ್ಬರಾಗಿದ್ದ ಝೈದ್ ಬಿನ್ ಸಾಬಿತ್ ಎಂಬ ತರುಣನ ಹೆಗಲಿಗೆ. ಬೆಟ್ಟ ಸರಿಸು ಅಂದಿದ್ದರೂ ಇಷ್ಟು ಭಾರವಾಗುತ್ತಿರಲಿಲ್ಲ ಎಂದು ಅವರಿಗೆ ಅನಿಸಿತೆಂದು ಹದೀಸ್ ಪರಂಪರೆ ಹೇಳುತ್ತದೆ.

ಅವರ ವಿಧಾನ ನನಗೆ ಬಹಳ ಹಿಡಿಸಿತು. ತಮಗೇ ಬಾಯಿಪಾಠ ಬರುತ್ತಿದ್ದರೂ ಅದನ್ನಷ್ಟೇ ನೆಚ್ಚಲಿಲ್ಲ. ಬರಹವನ್ನೂ ನೆನಪನ್ನೂ ಎದುರುಬದುರು ಇಟ್ಟು ತಾಳೆ ನೋಡಿದರು. ಎರಡು ಸಾಕ್ಷಿ ಕೇಳಿದರೆಂದೂ ಪರಂಪರೆಯಲ್ಲಿದೆ. ಲೆವೆಲ್ ತೆಗೆಯುತ್ತ ಹೋದವನು ಮತ್ತೆ ಬೆಂಚ್ ಮಾರ್ಕಿಗೆ ಬಂದು ಲೆಕ್ಕ ಮುಚ್ಚಿ ನೋಡಬೇಕು. ಇಲ್ಲದಿದ್ದರೆ ಫೀಲ್ಡ್ ಬುಕ್ ಎಷ್ಟು ಅಂದವಾಗಿದ್ದರೂ ನೀರು ಹರಿಯುವುದಿಲ್ಲ. ಹೀಗೆ ಕೂಡಿದ ಹಾಳೆಗಳು ಅಬೂಬಕ್ಕರ್, ಉಮರ್ ಅವರ ನಂತರ ಉಮರ್ ಅವರ ಮಗಳು, ಪ್ರವಾದಿಗಳ ಪತ್ನಿ ಹಫ್ಸಾ ಅವರ ಬಳಿ ಉಳಿದವು. ಒಬ್ಬ ಹೆಣ್ಣುಮಗಳ ಜೋಪಾನದಲ್ಲಿ!

ರಾಜ್ಯ ಬೆಳೆದಂತೆ ಹೊಸ ತೊಡಕು ಹುಟ್ಟಿತು. ಆರ್ಮೇನಿಯಾ, ಅಜರ್‌ಬೈಜಾನ್ ಕಡೆಯ ದಂಡಿನಲ್ಲಿ ಸಿರಿಯಾದವರೂ ಇರಾಕಿನವರೂ ನಮ್ಮ ಪಾಠವೇ ಸರಿ ಎಂದು ಜಗಳಕ್ಕೆ ನಿಂತರು. ಸುಮಾರು 650ರಲ್ಲಿ ಮೂರನೆಯ ಖಲೀಫ ಉಸ್ಮಾನ್ ಅವರು ಹಫ್ಸಾರಿಂದ ಹಾಳೆಗಳನ್ನು ಕೇಳಿ ಪಡೆದು, ಝೈದ್ ಜೊತೆಗೆ ಕುರೈಷ್ ಮನೆತನದ ಮೂವರನ್ನು ಕೂರಿಸಿ ನಕಲು ಮಾಡಿಸಿದರು. ಭೇದ ಬಂದಲ್ಲಿ ಕುರೈಷರ ನುಡಿಯಂತೆ ಬರೆಯಿರಿ ಎಂದರು. ಪ್ರತಿಗಳು ಕೂಫಾ, ಬಸ್ರಾ, ಸಿರಿಯಾಗಳಿಗೆ ಹೋದವು. ಉಳಿದ ಬರಹಗಳನ್ನು ಸುಡಿಸಿದರು.

ಸುಡಿಸಿದ್ದು ಸರಿಯೇ? ಸೈಟಿನಲ್ಲಿ ತಿದ್ದಿದ ಡ್ರಾಯಿಂಗ್ ಜೊತೆಗೆ ಹಳೆಯದೂ ಉಳಿದರೆ ಮೇಸ್ತ್ರಿ ಯಾವುದನ್ನು ಹಿಡಿದು ಗೋಡೆ ಕಟ್ಟುತ್ತಾನೋ ಹೇಳಲಾಗದು. ಆ ಲೆಕ್ಕದಲ್ಲಿ ಉಸ್ಮಾನರ ಸಂಕಟ ಅರ್ಥವಾಗುತ್ತದೆ. ಆದರೆ ನಾವು ಹಳೇ ಡ್ರಾಯಿಂಗ್ ಮೇಲೆ ರದ್ದು ಎಂದು ಬರೆದು ಕಡತದಲ್ಲಿ ಇಡುತ್ತೇವೆ, ಸುಡುವುದಿಲ್ಲ. ಕೂಫಾದಲ್ಲಿದ್ದ ಇಬ್ನ್ ಮಸೂದ್ ಎಂಬ ಹಿರಿಯರು ಇದನ್ನು ಒಪ್ಪಲಿಲ್ಲ. ಝೈದ್ ಇನ್ನೂ ಹುಡುಗನಾಗಿದ್ದಾಗಲೇ ಪ್ರವಾದಿಗಳ ಬಾಯಿಂದ ಕಲಿತವರು ಅವರು. ಈ ಭಿನ್ನಮತವನ್ನು ಮುಸ್ಲಿಂ ಪಂಡಿತರೇ ತಮ್ಮ ಗ್ರಂಥಗಳಲ್ಲಿ ಬರೆದಿಟ್ಟಿದ್ದಾರೆ. ಮುಚ್ಚಿಡಲಿಲ್ಲ ಎಂಬುದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಇನ್ನು ಚುಕ್ಕೆಯ ವಿಚಾರ. ಆಗಿನ ಅರಬ್ಬಿ ಬರಹದಲ್ಲಿ ಚುಕ್ಕೆಗಳು ಅಪರೂಪ, ಸ್ವರಚಿಹ್ನೆಗಳು ಇರಲೇ ಇಲ್ಲ. ಚುಕ್ಕೆ ಇಲ್ಲದಿದ್ದರೆ ಪದದ ನಡುವಿನ ಬ, ತ, ನ, ಯ ನಾಲ್ಕೂ ಒಂದೇ ಆಕಾರ. ನಮ್ಮ ತಾಳೆಗರಿಗಳಲ್ಲೂ ಎ-ಏ, ಒ-ಓ ಭೇದ ಕಾಣದೆ ಓದುವವರು ತಡವರಿಸುತ್ತಾರಲ್ಲ, ಹಾಗೆ. ಗುರುಮುಖದಿಂದ ಪಾಠ ಗೊತ್ತಿದ್ದವನಿಗೆ ಆ ಬರಹ ನೆನಪಿನ ಊರುಗೋಲು, ಗೊತ್ತಿಲ್ಲದವನಿಗೆ ಒಗಟು. ಗುರುತುಗಳು ಮುಂದಿನ ತಲೆಮಾರುಗಳಲ್ಲಿ ಬಂದವು. ಆದರೂ ಎಲ್ಲ ಭೇದ ಅಳಿಯಲಿಲ್ಲ. ಮೊದಲ ಅಧ್ಯಾಯದಲ್ಲೇ ಒಂದು ಪದವನ್ನು ಕೆಲವರು ‘ಮಾಲಿಕ್’ ಎಂದು ಓದುತ್ತಾರೆ. ನಮ್ಮ ಕನ್ನಡದ ‘ಮಾಲೀಕ’ ಅದೇ ಪದ. ಕೆಲವರು ‘ಮಲಿಕ್’ ಎನ್ನುತ್ತಾರೆ, ಅಂದರೆ ದೊರೆ. ಎರಡೂ ಸಮ್ಮತ. 936ರಲ್ಲಿ ತೀರಿಕೊಂಡ ಬಗ್ದಾದಿನ ಇಬ್ನ್ ಮುಜಾಹಿದ್ ಇಂಥ ಏಳು ಪಾಠಕ್ರಮಗಳನ್ನು ಗುರುತಿಸಿ ಗ್ರಂಥ ಬರೆದರು.

ಹಳೆಯ ಪ್ರತಿಗಳೂ ಸಿಕ್ಕಿವೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿರುವ ಎರಡು ತೊಗಲ ಹಾಳೆಗಳ ಕಾಲ 568ರಿಂದ 645ರ ಒಳಗೆ ಎಂದು ಕಾರ್ಬನ್ ಪರೀಕ್ಷೆ ಹೇಳಿತು. 2015ರಲ್ಲಿ ಪ್ರಕಟವಾದ ಸುದ್ದಿ ಅದು. ಆ ಪರೀಕ್ಷೆ ಹೇಳುವುದು ಪ್ರಾಣಿ ಸತ್ತ ಕಾಲವನ್ನು, ಮಸಿ ಹಚ್ಚಿದ ಕಾಲವನ್ನಲ್ಲ. ಇದನ್ನು ಪತ್ರಿಕೆಗಳು ಮರೆತವು. ಯೆಮನ್ ದೇಶದ ಸನಾ ನಗರದ ದೊಡ್ಡ ಮಸೀದಿಯನ್ನು 1972ರಲ್ಲಿ ದುರಸ್ತಿ ಮಾಡುವಾಗ ಹಳೆಯ ಹಾಳೆಗಳ ರಾಶಿಯೇ ಸಿಕ್ಕಿತು. ಅದರಲ್ಲಿ ಒಂದು ಪ್ರತಿಯಲ್ಲಿ ಮೊದಲ ಬರಹವನ್ನು ಅಳಿಸಿ ಮೇಲೆ ಮತ್ತೆ ಕುರಾನನ್ನೇ ಬರೆದಿದ್ದಾರೆ. ಅಳಿಸಿದ ಪಾಠದಲ್ಲಿ ಕೆಲವು ಪದಗಳು ಬೇರೆ, ಅಧ್ಯಾಯಗಳ ಅನುಕ್ರಮವೂ ಬೇರೆ, ಆದರೆ ಗ್ರಂಥ ಅದೇ. ಉಸ್ಮಾನರ ಕಾಲದ ಜಗಳ ಕಟ್ಟುಕಥೆಯಲ್ಲ ಎಂಬುದಕ್ಕೆ ತೊಗಲೇ ಸಾಕ್ಷಿಯಾಯಿತು.

ಇಂದು ಹೆಚ್ಚು ಕಡೆ ಚಾಲ್ತಿಯಲ್ಲಿರುವ ಮುದ್ರಿತ ಪಾಠಕ್ಕೆ 1924ರ ಕೈರೋ ಆವೃತ್ತಿ ಮಾದರಿ. ಮೊರಾಕೊ ಕಡೆ ಬೇರೊಂದು ಪಾಠಕ್ರಮವಿದೆ. ಅಚ್ಚು ಬಂದರೂ ಬಾಯಿಪಾಠ ನಿಂತಿಲ್ಲ. ರಮಜಾನ್ ರಾತ್ರಿಗಳ ತರಾವೀಹ್ ನಮಾಜಿನಲ್ಲಿ ಹಲವು ಮಸೀದಿಗಳಲ್ಲಿ ಹಾಫಿಜ್ ಒಬ್ಬರು ಇಡೀ ಗ್ರಂಥವನ್ನು, 114 ಅಧ್ಯಾಯಗಳನ್ನೂ, ನೆನಪಿನಿಂದಲೇ ಪಠಿಸಿ ಮುಗಿಸುತ್ತಾರೆ. ಅವರ ಹಿಂದಿನ ಸಾಲಿನಲ್ಲಿ ಇನ್ನೊಬ್ಬ ಹಾಫಿಜ್ ಕಿವಿಗೊಟ್ಟು ನಿಂತಿರುತ್ತಾರೆ. ಎಲ್ಲಾದರೂ ಒಂದು ಪದ ತಪ್ಪಿದರೆ ನಮಾಜಿನ ನಡುವೆಯೇ, ಅಲ್ಲಿಂದಲೇ ಸರಿಪಾಠ ಹೇಳಿಕೊಡುತ್ತಾರೆ.