ಸುನಾಮಿ: ತಿಳಿದವರು ಉಳಿದರು



2004ರ ಡಿಸೆಂಬರ್ 26, ಭಾನುವಾರ. ಬೆಳಿಗ್ಗೆ 6 ಗಂಟೆ 28 ನಿಮಿಷಕ್ಕೆ ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಬಳಿ ಸಮುದ್ರದ ತಳ ನಡುಗಿತು. ಭೂಕಂಪದ ಪ್ರಮಾಣ 9.1. ಚೆನ್ನೈನಲ್ಲೂ ನೆಲ ಅಲುಗಿತು. ನಿಮ್ಮಲ್ಲಿ ಕೆಲವರಿಗೆ ಅದು ನೆನಪಿರಬಹುದು. ಸುಮಾರು ಎರಡೂವರೆ ಗಂಟೆಯ ನಂತರ ಸಮುದ್ರ ಮರೀನಾ ಮರಳನ್ನು ದಾಟಿ ರಸ್ತೆಗೆ ನುಗ್ಗಿತು. ನಾಗಪಟ್ಟಣಂ ಜಿಲ್ಲೆಯೊಂದರಲ್ಲೇ ಸತ್ತವರು 6 ಸಾವಿರಕ್ಕೂ ಹೆಚ್ಚು. ಹಿಂದೂ ಮಹಾಸಾಗರದ ಸುತ್ತಲಿನ ದೇಶಗಳಲ್ಲಿ ಒಟ್ಟು 2 ಲಕ್ಷ 20 ಸಾವಿರಕ್ಕೂ ಹೆಚ್ಚು ಜನ ಬಲಿಯಾದರು.

ಅಲೆಗೆ ಇಷ್ಟೊಂದು ಶಕ್ತಿ ಎಲ್ಲಿಂದ ಬಂತು? ಗಾಳಿ ಎಬ್ಬಿಸುವ ಅಲೆ ಮೇಲಿನ ನೀರನ್ನು ಮಾತ್ರ ಕದಡುತ್ತದೆ. ಸುನಾಮಿ ತಳದಿಂದ ಮೇಲಿನವರೆಗೆ ಇಡೀ ನೀರನ್ನೇ ತಳ್ಳುತ್ತದೆ. ಆಳ ಕಡಲಿನಲ್ಲಿ ಅದರ ಎತ್ತರ ಒಂದು ಮೀಟರಿಗೂ ಕಡಿಮೆ, ಹಡಗಿನವರಿಗೆ ಗೊತ್ತೇ ಆಗದು. ವೇಗ ಮಾತ್ರ ಗಂಟೆಗೆ 700 ಕಿಲೋಮೀಟರ್! ದಡದ ಹತ್ತಿರ ವೇಗ ತಗ್ಗುತ್ತದೆ, ಎತ್ತರ ಏರುತ್ತದೆ. ಒಂದು ಘನ ಮೀಟರ್ ನೀರಿನ ತೂಕ ಒಂದು ಟನ್. ಅಂಥ ನೀರು ನಿಮಿಷಗಟ್ಟಲೆ ಒಳನುಗ್ಗುತ್ತಲೇ ಇರುತ್ತದೆ. ದೋಣಿ, ಕಾರು, ಕಂಬಗಳನ್ನು ಹೊತ್ತು ತಂದು ಗೋಡೆಗೆ ಗುದ್ದುತ್ತದೆ. ಹಿಂದಿರುಗುವಾಗ ಉಳಿದದ್ದನ್ನೂ ಎಳೆದೊಯ್ಯುತ್ತದೆ.

ಈಗ ಇನ್ನೊಂದು ಊರಿನ ಕಥೆ ಕೇಳಿ. ಸುಮಾತ್ರಾದ ಪಕ್ಕದಲ್ಲೇ ಸಿಮೆಲುವೆ ಎಂಬ ದ್ವೀಪವಿದೆ. ಭೂಕಂಪದ ಕೇಂದ್ರಕ್ಕೆ ತೀರ ಹತ್ತಿರ. ಅಲೆ ಅಲ್ಲಿಗೆ ಕೆಲವೇ ನಿಮಿಷಗಳಲ್ಲಿ ಬಂತು. ಆದರೆ ಸುಮಾರು 78 ಸಾವಿರ ಜನರಲ್ಲಿ ಸತ್ತವರು ಏಳೇ ಮಂದಿ! 1907ರ ಸುನಾಮಿಯನ್ನು ಕಂಡ ಹಿರಿಯರು ಮಕ್ಕಳು ಮೊಮ್ಮಕ್ಕಳಿಗೆ ಹಾಡಿನಲ್ಲಿ, ಕಥೆಯಲ್ಲಿ ಒಂದು ಮಾತು ಹೇಳಿಕೊಟ್ಟಿದ್ದರು: ನೆಲ ಜೋರಾಗಿ ನಡುಗಿ, ಕಡಲು ಹಿಂದೆ ಸರಿದರೆ ಗುಡ್ಡಕ್ಕೆ ಓಡಿ.

ಅವರಿಗಿದ್ದದ್ದು ಕೆಲವು ನಿಮಿಷ, ನಮಗಿದ್ದದ್ದು ಎರಡು ಗಂಟೆ. ನಮಗಿಲ್ಲದಿದ್ದದ್ದು ಆ ಒಂದು ಮಾತು.

2007ರಿಂದ ಹೈದರಾಬಾದಿನಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಹಗಲಿರುಳೂ ಕೆಲಸ ಮಾಡುತ್ತಿದೆ. ಆದರೂ ಎಚ್ಚರಿಕೆ ಬಂದಾಗ ಕಾಲು ಕೀಳಬೇಕಾದವರು ನಾವೇ. ಮುಂಬೈ ಕೇಳುಗರೇ, ನೀವೂ ಮೈಮರೆಯಬೇಡಿ. 1945ರಲ್ಲಿ ಮಕ್ರಾನ್ ತೀರದಲ್ಲಿ ಎದ್ದ ಸುನಾಮಿ ಮುಂಬೈಯನ್ನೂ ಮುಟ್ಟಿತ್ತು.

ಮುಂದಿನ ಸಲ ಮಕ್ಕಳನ್ನು ಬೀಚಿಗೆ ಕರೆದೊಯ್ದಾಗ ಇಷ್ಟು ಹೇಳಿಕೊಡಿ: ದಡದಲ್ಲಿ ನೆಲ ಬಲವಾಗಿ ಅಥವಾ ಬಹಳ ಹೊತ್ತು ನಡುಗಿದರೆ ಎತ್ತರದ ಜಾಗಕ್ಕೆ ಹೋಗಬೇಕು. ಕಡಲು ಪ್ರತಿ ಸಲವೂ ಮೊದಲು ಹಿಂದೆ ಸರಿಯುವುದಿಲ್ಲ, ಅದಕ್ಕಾಗಿ ಕಾಯಬಾರದು. ಸರಿದರಂತೂ ನೋಡುತ್ತಾ ನಿಲ್ಲಬಾರದು. ಮೊದಲ ಅಲೆ ಹೋಯಿತೆಂದು ಕೆಳಗಿಳಿಯಬಾರದು, ಎರಡನೆಯದು ಇನ್ನೂ ದೊಡ್ಡದಿರಬಹುದು.

ಹೇಳಲು ಎರಡು ನಿಮಿಷ ಸಾಕು. ಒಂದು ಜೀವ ಉಳಿದೀತು.