200 ತಾಸು

ನಸುಕಿನಲ್ಲಿ ಆನೆಗೊಂದಿಯ ಅಂಜನಾದ್ರಿ ಏರಿದವರಿಗೆ, ಎಳೆಸೂರ್ಯನನ್ನು ಹಣ್ಣೆಂದು ಹಿಡಿಯಹೋದ ಬಾಲ ಹನುಮ ತೀರ ಹತ್ತಿರದವನೆನಿಸುತ್ತಾನೆ. ಕೆಳಗೆ ಗಂಗಾವತಿಯ ಭತ್ತದ ಗದ್ದೆ, ಮೇಲೆ ತೆರೆದ ಬಾನು.

ಆ ಬಾನು ಕುಷ್ಟಗಿ, ಯಲಬುರ್ಗಾದ ಮಳೆ ನಂಬಿದ ಹೊಲದ ಮಕ್ಕಳದ್ದೂ ಹೌದು. ಅವರೂ ಪೈಲಟ್ ಆಗಬಹುದು. ಅದಕ್ಕೆ ಬೇಕಾದ ವಾಣಿಜ್ಯ ಪೈಲಟ್ ಲೈಸೆನ್ಸಿಗೆ 18 ವರ್ಷ ತುಂಬಿರಬೇಕು. ಹವಾಮಾನ, ದಿಕ್ಕು-ದಾರಿಯ ಲೆಕ್ಕ, ವಾಯುಯಾನ ನಿಯಮಗಳ ಪರೀಕ್ಷೆ ಗೆಲ್ಲಬೇಕು. 200 ತಾಸು ಹಾರಬೇಕು. ಅದರಲ್ಲಿ 100 ತಾಸು ವಿಮಾನದ ಪೂರ್ತಿ ಹೊಣೆ ಕಲಿಯುವವರದೇ. ಕಲಿಸುವ ಗುರು ಇಳಿದುಹೋಗಿ, ಪಕ್ಕದ ಸೀಟು ಮೊದಲ ಸಲ ಖಾಲಿಯಾಗುವ ಆ ಗಳಿಗೆಯನ್ನು ನೆನೆಯಿರಿ! ಅಂಜಿಕೆ ಇರುತ್ತದೆ, ಕೈ ಮಾತ್ರ ನಡುಗಬಾರದು. ಎಷ್ಟು ಅಂಕ ತೆಗೆದರೂ ಆ ಧೈರ್ಯ ಪುಸ್ತಕದಿಂದ ಬರುವುದಿಲ್ಲ.

ಬೆಂಗಳೂರಿನ ಜಕ್ಕೂರಿನಲ್ಲಿ 1940ರ ದಶಕದಲ್ಲೇ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಶುರುವಾಯಿತು. ಈಚೆಗೆ ನಮ್ಮ ಕಲಬುರಗಿಯಲ್ಲೂ ತರಬೇತಿ ಬಂದಿದೆ. ಖರ್ಚು ಹತ್ತಾರು ಲಕ್ಷ, ನಿಜ. ಅದಕ್ಕೇ ಹೇಳುತ್ತೇನೆ: ಹೊಲ ಒತ್ತೆಯಿಡುವ ಮೊದಲು ಪೈಲಟ್ ಆಗಲು ಬೇಕಾದ ವೈದ್ಯಕೀಯ ತಪಾಸಣೆಯನ್ನು ಮಗುವಿಗೆ ಮಾಡಿಸಿ. ಈ ಕನಸಿಗಾಗಿ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದುತ್ತೇನೆಂದು ಮಗಳು ಕೇಳಿದರೆ, ದಯವಿಟ್ಟು ಬೇಡ ಅನ್ನಬೇಡಿ.