ಐದು ಸಲ ಎದ್ದು ಕೂರಿ

ಈ ಪ್ರದರ್ಶನ ಕಟ್ಟಿದ ಫಿಸಿಯೋಥೆರಪಿ ವಿದ್ಯಾರ್ಥಿಗಳೇ, ಬೆಳಿಗ್ಗೆಯೇ ಬಂದು ಮುಂದಿನ ಸಾಲು ಹಿಡಿದಿರುವ ಅಜ್ಜ ಅಜ್ಜಿಯರೇ,

ಈಗ ದೀಪ ಹಚ್ಚುವಾಗ ನನ್ನ ಕೈಯ ಮೇಣದಬತ್ತಿ ದೀಪಕ್ಕೆ ಒಂದು ಪ್ರದಕ್ಷಿಣೆ ಹಾಕಿದ್ದನ್ನು ನೀವೆಲ್ಲ ನೋಡಿದಿರಿ. ಗಾಳಿ ಇರಲಿಲ್ಲ. ನನಗೆ 71 ವರ್ಷ, ಅಷ್ಟೇ.

ಮುಪ್ಪಿನಲ್ಲಿ ಮಾಂಸಖಂಡ ಕರಗುವುದಕ್ಕೆ 1989ರಲ್ಲಿ ಅಮೆರಿಕದ ಅರ್ವಿನ್ ರೋಸೆನ್‌ಬರ್ಗ್ ಗ್ರೀಕ್ ಪದಗಳನ್ನು ಸೇರಿಸಿ ‘ಸಾರ್ಕೋಪೀನಿಯಾ’ ಎಂದು ಹೆಸರಿಟ್ಟರು. ಮಾಂಸದ ಬಡತನ ಎಂದರ್ಥ. ಹೆಸರು ಸೊಗಸಾಗಿದೆ, ಕಥೆ ಮಾತ್ರ ಅರ್ಧ. ಖಂಡ ಕರಗುವುದಕ್ಕಿಂತ ಬೇಗ ಬಲ ಇಳಿಯುತ್ತದೆ. ಖಂಡವನ್ನು ದುಡಿಸುವ ನರಗಳೂ ಕಡಿಮೆಯಾಗುತ್ತಾ ಹೋಗುತ್ತವೆ.

ಬೆನ್ನುಹುರಿಯ ಒಂದೊಂದು ನರಕೋಶಕ್ಕೂ ಸ್ನಾಯುವಿನ ಇಂತಿಷ್ಟು ಎಳೆಗಳೆಂದು ಪಾಲು. ಕಣ್ಣುಗುಡ್ಡೆ ತಿರುಗಿಸುವಲ್ಲಿ ಹತ್ತಾರು, ಮೀನಖಂಡದಲ್ಲಿ ಸಾವಿರಕ್ಕೂ ಹೆಚ್ಚು. ಅರವತ್ತು ದಾಟಿದ ಮೇಲೆ ಈ ಕೋಶಗಳು ಒಂದೊಂದಾಗಿ ಉದುರತೊಡಗುತ್ತವೆ. ಅನಾಥವಾದ ಎಳೆಗಳನ್ನು ಪಕ್ಕದ ನರ ಹೊಸ ಕವಲು ಚಾಚಿ ದತ್ತು ತೆಗೆದುಕೊಳ್ಳುತ್ತದೆ. ದಿಕ್ಕಿಲ್ಲದವು ಸೊರಗಿ ಹೋಗುತ್ತವೆ. ಎರಡನೇ ಮಳಿಗೆಯಲ್ಲಿ ಮಕ್ಕಳು ಉಣ್ಣೆದಾರದಲ್ಲಿ ಇದನ್ನೇ ಹೆಣೆದಿದ್ದಾರೆ, ನೋಡಿ. ದತ್ತು ಒಳ್ಳೆಯದೇ. ಆದರೆ ಹತ್ತು ಮಕ್ಕಳ ಮೇಷ್ಟ್ರಿಗೆ ಮೂವತ್ತು ಮಕ್ಕಳನ್ನು ಒಪ್ಪಿಸಿದಂತೆ, ಪಾಠ ನಡೆಯುತ್ತದೆ, ನಾಜೂಕು ತಪ್ಪುತ್ತದೆ. ಸೂಜಿಗೆ ದಾರ ಪೋಣಿಸುವಾಗ ನಾವು ಕಣ್ಣೊಂದನ್ನೇ ಬೈಯುತ್ತೇವೆ, ಪಾಪ! ಅದರಲ್ಲೂ ಥಟ್ಟನೆ ಬಿಗಿಯುವ ವೇಗದ ಎಳೆಗಳೇ ಹೆಚ್ಚು ಸೊರಗುವುದು. ಬಚ್ಚಲಲ್ಲಿ ಕಾಲು ಜಾರಿದಾಗ ಸಾವರಿಸಿಕೊಳ್ಳಲು ಬೇಕಾದವೂ ಅವೇ.

ಬಾಸ್ಟನ್ನಿನ ವೃದ್ಧಾಲಯವೊಂದರಲ್ಲಿ 86ರಿಂದ 96 ವಯಸ್ಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. 1990ರಲ್ಲಿ ಅದರ ಫಲ ಪ್ರಕಟವಾಯಿತು. ಎಂಟೂ ವಾರ ಪೂರೈಸಿದವರ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತ್ತು, ತೊಡೆಯ ಖಂಡ ಬೆಳೆದದ್ದು ಬರೀ ಶೇ. 9. ಮಿಕ್ಕ ಬಲ ಎಲ್ಲಿಂದ ಬಂತು? ಬಹುಮಟ್ಟಿಗೆ ನರಗಳು ಮರೆತ ಕಸುಬನ್ನು ಮತ್ತೆ ಕಲಿತವು.

ನಮ್ಮಲ್ಲಿ ಹಿಂದೆ ನೆಲದ ಪಂಕ್ತಿಯಲ್ಲಿ ಉಂಡು, ಕೈಯೂರದೆ ಎದ್ದು ಎಲೆ ಎತ್ತುತ್ತಿದ್ದರು. ದಿನಕ್ಕೆರಡು ಸಲ, ದುಡ್ಡಿಲ್ಲದ ವ್ಯಾಯಾಮ. ಈಗ ಮದುವೆಮನೆಯಲ್ಲೂ ಮೇಜು ಕುರ್ಚಿ. ನನಗೂ ಅದೇ ಸುಖ, ಸುಳ್ಳು ಹೇಳುವುದಿಲ್ಲ.

ಮೊದಲ ಮಳಿಗೆಯಲ್ಲಿ ಒಂದು ಕುರ್ಚಿ ಇಟ್ಟಿದ್ದಾರೆ. ಕೈಗಳನ್ನು ಎದೆಗೆ ಕಟ್ಟಿಕೊಂಡು ಐದು ಸಲ ಎದ್ದು ಕೂರಬೇಕು. ಏಷ್ಯಾದವರಿಗೆಂದು ತಜ್ಞರು 2019ರಲ್ಲಿ ಎಳೆದ ಗೆರೆ 12 ಸೆಕೆಂಡು. ಅಷ್ಟು ಹಿಡಿದರೆ ಪಕ್ಕದಲ್ಲೇ ವೈದ್ಯರಿದ್ದಾರೆ, ಮಾತಾಡಿ. ರಿಬ್ಬನ್ನು ಆಮೇಲೆ ಕತ್ತರಿಸೋಣ. ಮೊದಲು ನಾನೇ ಕೂರುತ್ತೇನೆ. ಏನಮ್ಮಾ, ಸ್ಟಾಪ್‌ವಾಚ್ ಒತ್ತು.